ವಿಡಿಯೊ ನೋಡಿ ‘ಅರ್ಥವಾಯಿತು’ ಎನ್ನುವ ಮಕ್ಕಳು ಪರೀಕ್ಷೆಯಲ್ಲಿ ಏಕೆ ಎಡವುತ್ತಾರೆ?

ಪ್ರಶ್ನೆ: ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೇನೆ. ದಾನಿಗಳೊಬ್ಬರು ಶಾಲೆಗೆ ದೊಡ್ಡ ಸ್ಮಾರ್ಟ್ ಟಿವಿ ಕೊಡಿಸಿದ ಮೇಲೆ ವಾರದಲ್ಲಿ ಎರಡು ಮೂರು ಅವಧಿ ಯೂಟ್ಯೂಬ್ ಪಾಠಗಳನ್ನು ತೋರಿಸುತ್ತಿದ್ದೇನೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಕೇಳಿದರೆ ‘ಅರ್ಥವಾಯಿತು ಟೀಚರ್’ ಎನ್ನುತ್ತಾರೆ. ಹತ್ತನೆಯ ತರಗತಿಗೆ ವಿದ್ಯುತ್ ಪಾಠದ ಒಂದು ಸೊಗಸಾದ ಅನಿಮೇಷನ್ ತೋರಿಸಿದ್ದೆ. ಆಮೇಲೆ ಘಟಕ ಪರೀಕ್ಷೆಯಲ್ಲಿ ‘ಸರಣಿಯಲ್ಲಿ (ಒಂದೇ ದಾರಿಯಲ್ಲಿ ಒಂದರ ನಂತರ ಒಂದರಂತೆ) ಜೋಡಿಸಿದ, ಒಂದೇ ಬಗೆಯ ಎರಡು ಬಲ್ಬುಗಳಲ್ಲಿ ಯಾವುದು ಹೆಚ್ಚು ಬೆಳಗುತ್ತದೆ?’ ಎಂದು ಕೇಳಿದರೆ ಅರ್ಧಕ್ಕೂ ಹೆಚ್ಚು ಮಕ್ಕಳು ‘ಮೊದಲನೆಯದು, ಅದು ಕರೆಂಟನ್ನು ಮೊದಲು ಬಳಸಿಕೊಳ್ಳುತ್ತದೆ’ ಎಂದು ಬರೆದರು. ‘ನೋಡಿದ್ದು ಮರೆಯುವುದಿಲ್ಲ, ಇನ್ನೂ ಹೆಚ್ಚು ತೋರಿಸಿ’ ಎಂದು ಒಬ್ಬ ಸಹೋದ್ಯೋಗಿ ಹೇಳುತ್ತಾರೆ. ‘ಟಿವಿ ಬಂದ ಮೇಲೆ ಪಾಠವೇ ಕೆಟ್ಟಿತು’ ಎಂದು ಇನ್ನೊಬ್ಬರು. ಒಳ್ಳೆಯ ವಿಡಿಯೊಗಳು ಬಹುಪಾಲು ಇಂಗ್ಲಿಷಿನಲ್ಲಿವೆ, ಇಂಟರ್‌ನೆಟ್ ಆಗಾಗ ಕೈಕೊಡುತ್ತದೆ. ಇವನ್ನು ತರಗತಿಯಲ್ಲಿ ತೋರಿಸಲು ಕಾನೂನಿನ ಅಡ್ಡಿ ಇದೆಯೇ ಎಂದು ಮುಖ್ಯ ಶಿಕ್ಷಕರು ಕೇಳುತ್ತಿದ್ದಾರೆ. ಆಡಿಯೊ ಪಾಠಗಳಿಂದ ಪ್ರಯೋಜನವಿದೆಯೇ? ನಾನೇ ವಿಡಿಯೊ ಮಾಡುವುದು ಒಳ್ಳೆಯದೇ?
— ಒಬ್ಬ ಶಿಕ್ಷಕಿ

ಉತ್ತರ: ವಿಡಿಯೊ ಮುಗಿದ ಮೇಲೆ ಮಕ್ಕಳ ಅರಳಿದ ಮುಖ ನೋಡಿ ಮುಂದಿನ ಪಾಠಕ್ಕೆ ಹೋಗಿಬಿಡುವ ಶಿಕ್ಷಕರೇ ಹೆಚ್ಚು. ನೀವು ನಿಂತು, ಸರಿಯಾದ ಪ್ರಶ್ನೆಯೊಂದನ್ನು ಕೇಳಿ ನೋಡಿದಿರಿ. ಹಾಗಾಗಿ ನಿಮ್ಮ ಕೈಯಲ್ಲಿ ಈಗ ಸರಿಯಾದ ಮಾಹಿತಿಯೇ ಇದೆ. ಮೊದಲು ಒಂದು ಮಾತು: ಆ ಮಕ್ಕಳು ಸುಳ್ಳು ಹೇಳಲಿಲ್ಲ. ಅವರಿಗೆ ನಿಜವಾಗಿಯೂ ಅರ್ಥವಾದಂತೆ ಅನ್ನಿಸಿತ್ತು. ತೊಂದರೆ ಇರುವುದು ಆ ಅನ್ನಿಸಿಕೆಯಲ್ಲೇ.

ಇದನ್ನು ಕೂಲಂಕಷವಾಗಿ ಪರೀಕ್ಷಿಸಿದವರು ಡೆರೆಕ್ ಮುಲ್ಲರ್. ಇಂದು ವೆರಿಟಾಸಿಯಂ ಎಂಬ ಯೂಟ್ಯೂಬ್ ವಾಹಿನಿಯಿಂದ ಜಗತ್ತಿಗೆಲ್ಲ ಪರಿಚಿತರಾದ ಇವರು 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಪಡೆದದ್ದು ಭೌತವಿಜ್ಞಾನದ ಕಲಿಕಾ ವಿಡಿಯೊಗಳ ಮೇಲೆಯೇ. ನೇರವಾಗಿ, ಸ್ಪಷ್ಟವಾಗಿ ವಿಷಯ ಹೇಳುವ ವಿಡಿಯೊ ನೋಡಿದ ವಿದ್ಯಾರ್ಥಿಗಳು ‘ಸುಲಭವಾಗಿತ್ತು, ಸ್ಪಷ್ಟವಾಗಿತ್ತು’ ಎಂದರು. ಪರೀಕ್ಷೆಯಲ್ಲಿ ಅಂಕ ಹೆಚ್ಚೇನೂ ಏರಲಿಲ್ಲ, ತಮ್ಮ ಉತ್ತರದ ಮೇಲಿನ ಭರವಸೆ ಮಾತ್ರ ಏರಿತ್ತು. ಇನ್ನೊಂದು ಗುಂಪಿಗೆ ತೋರಿಸಿದ ವಿಡಿಯೊದಲ್ಲಿ ಸಾಮಾನ್ಯ ತಪ್ಪು ಕಲ್ಪನೆಗಳನ್ನು ಮೊದಲು ಮುಂದಿಟ್ಟು, ಚರ್ಚಿಸಿ, ಆಮೇಲೆ ಸರಿಪಡಿಸಲಾಗಿತ್ತು. ಅದನ್ನು ನೋಡಿದವರು ‘ಗೊಂದಲವಾಯಿತು, ತಲೆ ಖರ್ಚು ಮಾಡಬೇಕಾಯಿತು’ ಎಂದರು. ಚೆನ್ನಾಗಿ ಕಲಿತವರು ಇವರೇ.

ಕಾರಣ ಇಷ್ಟು. ಮಗು ಖಾಲಿ ತಲೆಯಲ್ಲಿ ಬಂದು ಕೂರುವುದಿಲ್ಲ. ‘ಲೈಟು ಆರಿಸು, ಸುಮ್ಮನೆ ಕರೆಂಟು ಖರ್ಚಾಗುತ್ತದೆ’ ಎಂದು ಮನೆಯಲ್ಲಿ ದಿನವೂ ಕೇಳಿದ ಮಗುವಿನ ಮನಸ್ಸಿನಲ್ಲಿ ವಿದ್ಯುತ್ ಪ್ರವಾಹವೆಂದರೆ ಖರ್ಚಾಗಿ ಮುಗಿಯುವ ವಸ್ತು. ನಿಮ್ಮ ಅನಿಮೇಷನ್ನಿನಲ್ಲಿ ಎಲೆಕ್ಟ್ರಾನುಗಳು ತಂತಿಯುದ್ದಕ್ಕೂ ಸಾಗಿದವು, ಬಲ್ಬು ಹೊತ್ತಿತು. ಮಗು ಅದನ್ನು ತನ್ನ ಕಲ್ಪನೆಯ ಮೇಲೆಯೇ ಹೊಂದಿಸಿಕೊಂಡಿತು. ವಿದ್ಯುತ್ ಮಂಡಲದಲ್ಲಿ (ಸರ್ಕೀಟಿನಲ್ಲಿ) ಬಳಕೆಯಾಗುವುದು ಶಕ್ತಿಯೇ ಹೊರತು ಪ್ರವಾಹವಲ್ಲ, ಸರಣಿ ಜೋಡಣೆಯಲ್ಲಿ ಪ್ರವಾಹ ಎಲ್ಲೆಡೆಯೂ ಒಂದೇ ಎಂಬ ವಾಕ್ಯ ಆ ವಿಡಿಯೊದಲ್ಲಿ ಇದ್ದರೂ ಅದು ಎಲ್ಲಿಯೂ ತಗುಲದೆ ಹಾದುಹೋಗುತ್ತದೆ. ತನ್ನ ನಂಬಿಕೆ ತಪ್ಪೆಂದು ಮಗುವಿಗೆ ಯಾರೂ ತೋರಿಸಲಿಲ್ಲವಲ್ಲ!

ಆದ್ದರಿಂದ ವಿಡಿಯೊಗಿಂತ ಮೊದಲು ಪ್ರಶ್ನೆ ಬರಬೇಕು. ನೀವು ಪರೀಕ್ಷೆಯಲ್ಲಿ ಕೇಳಿದ ಅದೇ ಬಲ್ಬಿನ ಪ್ರಶ್ನೆಯನ್ನು ಪಾಠದ ಮೊದಲ ನಿಮಿಷದಲ್ಲೇ ಹಲಗೆಯ ಮೇಲೆ ಬರೆಯಿರಿ. ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಕಾರಣದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆಯಲಿ. ಬಾಯಲ್ಲಿ ಹೇಳಿಸಬೇಡಿ, ಜಾಣ ಹುಡುಗ ಹೇಳಿದ್ದಕ್ಕೆ ತರಗತಿಯೆಲ್ಲ ತಲೆಯಾಡಿಸಿಬಿಡುತ್ತದೆ. ಬರೆದ ಮೇಲೆ ಕೈ ಎತ್ತಿಸಿ ಎಣಿಸಿ. ಆಮೇಲೆ ಎರಡು ಶುಷ್ಕಕೋಶ, ಎರಡು ಟಾರ್ಚ್ ಬಲ್ಬು, ತಂತಿ ತೆಗೆದುಕೊಂಡು ಮಾಡಿಯೇ ತೋರಿಸಿ. ಇಲ್ಲೊಂದು ಸೂಕ್ಷ್ಮವಿದೆ. ಅಂಗಡಿಯಿಂದ ತಂದ ಎರಡು ಬಲ್ಬುಗಳು ಹೆಸರಿಗೆ ಒಂದೇ ಬಗೆಯವಾದರೂ ಒಂದು ಸ್ವಲ್ಪ ಹೆಚ್ಚು ಬೆಳಗಬಹುದು, ‘ನೋಡಿ ಟೀಚರ್, ಮೊದಲನೆಯದೇ ಜಾಸ್ತಿ’ ಎಂದು ಮಕ್ಕಳು ಗೆದ್ದ ಹುರುಪಿನಲ್ಲಿ ಕೂಗಬಹುದು. ಗಾಬರಿಯಾಗಬೇಡಿ. ಬಲ್ಬುಗಳ ಜಾಗ ಅದಲುಬದಲು ಮಾಡಿಸಿ. ಹೆಚ್ಚು ಬೆಳಗುತ್ತಿದ್ದ ಬಲ್ಬು ಎರಡನೆಯ ಜಾಗಕ್ಕೆ ಹೋದರೂ ಅಷ್ಟೇ ಬೆಳಗುತ್ತದೆ. ಅಂದರೆ ವ್ಯತ್ಯಾಸ ಬಲ್ಬಿನದು, ಜಾಗದ್ದಲ್ಲ. ನಿಜವಾದ ವಿಜ್ಞಾನ ಪಾಠ ಆ ಅದಲುಬದಲಿನಲ್ಲೇ ಇದೆ, ಯಾವ ಅನಿಮೇಷನ್ನೂ ಅದನ್ನು ಕೊಡುವುದಿಲ್ಲ. ಇಷ್ಟಾದ ಮೇಲೆ ಅದೇ ಹಳೆಯ ವಿಡಿಯೊ ಹಾಕಿ. ಈ ಸಲ ಮಕ್ಕಳು ಅದರಲ್ಲಿ ಉತ್ತರ ಹುಡುಕುತ್ತಾರೆ.

ಇನ್ನು ನಿಮ್ಮ ಸಹೋದ್ಯೋಗಿಗಳ ಮಾತು. ‘ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ನೋಡಿದ್ದರಲ್ಲಿ ಶೇ 30 ನೆನಪಿರುತ್ತದೆ’ ಎಂಬ ಪಟ್ಟಿಯನ್ನು ತರಬೇತಿಗಳಲ್ಲಿ ನೀವೂ ನೋಡಿರುತ್ತೀರಿ. ಅದನ್ನು ಎಡ್ಗರ್ ಡೇಲ್ ಎಂಬ ಅಮೆರಿಕದ ಶಿಕ್ಷಣತಜ್ಞರ ಹೆಸರಿಗೆ ಕಟ್ಟಲಾಗುತ್ತದೆ. ಡೇಲ್ 1946ರಲ್ಲಿ ಕೊಟ್ಟ ‘ಅನುಭವಗಳ ಶಂಕು’ ಎಂಬ, ಕಲಿಕೆಯ ಅನುಭವಗಳನ್ನು ಹಂತಹಂತವಾಗಿ ಜೋಡಿಸಿದ ಚಿತ್ರದಲ್ಲಿ ಒಂದೇ ಒಂದು ಅಂಕಿಯೂ ಇರಲಿಲ್ಲ. ಅಂಕಿಗಳನ್ನು ಆಮೇಲೆ ಯಾರೋ ಸೇರಿಸಿದರು, ಅವಕ್ಕೆ ಸಂಶೋಧನೆಯ ಆಧಾರವಿಲ್ಲ. ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು ಎಂಬ ವಿಂಗಡಣೆಯೂ ಅಂಥದ್ದೇ. 2008ರಲ್ಲಿ ಮನೋವಿಜ್ಞಾನಿಗಳ ತಂಡವೊಂದು ಅದುವರೆಗಿನ ಅಧ್ಯಯನಗಳನ್ನೆಲ್ಲ ಸೋಸಿ ನೋಡಿ, ಮಕ್ಕಳನ್ನು ಹಾಗೆ ಬೇರ್ಪಡಿಸಿ ಕಲಿಸಬೇಕೆನ್ನಲು ತಕ್ಕ ಪುರಾವೆ ಇಲ್ಲವೆಂದು ಹೇಳಿತು. ‘ವಿಡಿಯೊ ಆರು ನಿಮಿಷ ಮೀರಬಾರದು’ ಎಂಬ ನಿಯಮಕ್ಕೆ ಮಾತ್ರ ಒಂದು ನೆಲೆಯಿದೆ. ಎಡ್‌ಎಕ್ಸ್ ಆನ್‌ಲೈನ್ ಕೋರ್ಸುಗಳ ಲಕ್ಷಾಂತರ ವೀಕ್ಷಣೆಗಳನ್ನು ವಿಶ್ಲೇಷಿಸಿದ 2014ರ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ಜನ ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಹೆಚ್ಚು ನೋಡುವುದಿಲ್ಲ ಎಂದು ಕಂಡಿತು. ಆದರೆ ಅದು ಮನೆಯಲ್ಲಿ ಒಬ್ಬರೇ ಕೂತು ನೋಡುವವರ ಲೆಕ್ಕ. ಎಷ್ಟು ನೋಡಿದರು ಎಂಬ ಲೆಕ್ಕವೇ ಹೊರತು ಎಷ್ಟು ಕಲಿತರು ಎಂಬುದಲ್ಲ. ನಿಮ್ಮ ತರಗತಿಯಲ್ಲಿ ರಿಮೋಟ್ ನಿಮ್ಮ ಕೈಯಲ್ಲಿರುತ್ತದೆ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ‘ಮುಂದೇನಾಗುತ್ತದೆ?’ ಎಂದು ಕೇಳಿದರೆ ಹನ್ನೆರಡು ನಿಮಿಷದ ವಿಡಿಯೊ ಕೂಡ ಭಾರವಾಗುವುದಿಲ್ಲ.

‘ಟಿವಿ ಬಂದು ಪಾಠ ಕೆಟ್ಟಿತು’ ಎನ್ನುವವರಿಗೆ ನಿಮ್ಮ ಜಿಲ್ಲೆಯದೇ ಇತಿಹಾಸವನ್ನು ಹೇಳಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹದ ನೆರವಿನಿಂದ ಇಸ್ರೊ ನಡೆಸಿದ ಸೈಟ್ ಎಂಬ ಉಪಗ್ರಹ ಟಿವಿ ಶಿಕ್ಷಣ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತಲುಪಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಶಾಲಾ ಮಕ್ಕಳಿಗೆಂದೇ ವಿಜ್ಞಾನ ಕಾರ್ಯಕ್ರಮಗಳಿದ್ದವು. ಬೆಂಗಳೂರಿನ ಬಹುತೇಕ ಮನೆಗಳು ಟಿವಿಯನ್ನೇ ಕಾಣದ ಕಾಲದಲ್ಲಿ ನಿಮ್ಮ ಕಡೆಯ ಹಳ್ಳಿಯ ಮಕ್ಕಳು ಉಪಗ್ರಹದಿಂದ ಪಾಠ ಕೇಳಿದ್ದರು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ. ಸಾಧನ ಬಂದ ಮಾತ್ರಕ್ಕೆ ಪಾಠ ಕೆಡುವುದೂ ಇಲ್ಲ, ಉದ್ಧಾರವಾಗುವುದೂ ಇಲ್ಲ. ಅದರ ಸುತ್ತ ಶಿಕ್ಷಕರು ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಯಾವುದಕ್ಕೆ ವಿಡಿಯೊ ಬೇಕು? ತರಗತಿಯಲ್ಲಿ ಕೈಯಾರೆ ತೋರಿಸಲಾಗದ್ದಕ್ಕೆ. 1971ರಲ್ಲಿ ಅಪೋಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು, ಎರಡೂ ಒಟ್ಟಿಗೆ ನೆಲ ಮುಟ್ಟಿದವು. ಒಂದು ನಿಮಿಷದ ಈ ತುಣುಕು ನಾಸಾ ಸಂಗ್ರಹದಲ್ಲಿ ಉಚಿತವಾಗಿದೆ, ಒಂಬತ್ತನೆಯ ತರಗತಿಯ ಗುರುತ್ವದ ಪಾಠಕ್ಕೆ ಇದನ್ನು ಮೀರಿದ್ದು ನಾನು ನೋಡಿಲ್ಲ. ಕೋಶವಿಭಜನೆ, ಹೃದಯದ ಕವಾಟಗಳ ಚಲನೆ, ಕೆಲವು ದಿನಗಳ ಮೊಳಕೆಯೊಡೆಯುವಿಕೆಯನ್ನು ಅರ್ಧ ನಿಮಿಷಕ್ಕೆ ಇಳಿಸಿದ ಚಿತ್ರಗಳು ಇದೇ ಸಾಲಿನವು. ಆದರೆ ಲಿಟ್ಮಸ್ ಕಾಗದ ಬಣ್ಣ ಬದಲಿಸುವುದನ್ನು ಟಿವಿಯಲ್ಲಿ ತೋರಿಸಬೇಡಿ. ನಿಂಬೆಹಣ್ಣು, ಅರಿಸಿನ, ಸುಣ್ಣದ ತಿಳಿನೀರು ನಿಮ್ಮ ಊರಲ್ಲೇ ಸಿಗುತ್ತವೆ.

ಸಮಾಜ ವಿಜ್ಞಾನದವರಿಗೂ ಇದು ಅನ್ವಯಿಸುತ್ತದೆ. ರಾಯಚೂರಿನ ಬೇಸಿಗೆಯನ್ನು ಅನುಭವಿಸಿದ ಮಗುವನ್ನು ‘ಬೇಸಿಗೆಯಲ್ಲಿ ಸೆಕೆ ಏಕೆ?’ ಎಂದು ಕೇಳಿ. ‘ಸೂರ್ಯ ಹತ್ತಿರ ಬರುತ್ತಾನೆ’ ಎನ್ನುತ್ತದೆ. ಋತುಗಳ ಅನಿಮೇಷನ್ನುಗಳಲ್ಲಿ ಭೂಮಿಯ ಕಕ್ಷೆಯನ್ನು ಉದ್ದನೆಯ ಮೊಟ್ಟೆಯ ಆಕಾರದಲ್ಲಿ ಬಿಡಿಸಿ ಈ ತಪ್ಪನ್ನು ಇನ್ನಷ್ಟು ಗಟ್ಟಿ ಮಾಡುತ್ತಾರೆ. ವಾಸ್ತವದಲ್ಲಿ ಭೂಮಿ ಸೂರ್ಯನಿಗೆ ಅತಿ ಸಮೀಪವಿರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ. ಜುಲೈಯಲ್ಲಿ ಅದು 15.2 ಕೋಟಿಗೆ ಏರುತ್ತದೆ. ಈ ಎರಡು ಅಂಕಿಗಳನ್ನು ಹಲಗೆಯ ಮೇಲೆ ಬರೆದು ‘ಹಾಗಾದರೆ ಜನವರಿಯಲ್ಲಿ ಚಳಿ ಏಕೆ?’ ಎಂದು ಕೇಳಿದ ಮೇಲೆಯೇ ಭೂಮಿಯ ಅಕ್ಷದ ಓರೆಯ ವಿಡಿಯೊ ಹಾಕಬೇಕು.

ಮುಂದಿನ ಅಪಾಯ, ತಪ್ಪನ್ನೇ ಕಲಿಸುವ ವಿಡಿಯೊ. ನೀರಿನ ತಟ್ಟೆಯಲ್ಲಿ ಮೇಣದಬತ್ತಿ ಹಚ್ಚಿ, ಮೇಲೆ ಗಾಜಿನ ಲೋಟ ಬೋರಲು ಹಾಕುವ ಪ್ರಯೋಗ ನಿಮಗೆ ಗೊತ್ತು. ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ. ‘ಆಮ್ಲಜನಕ ಉರಿದು ಮುಗಿಯಿತು, ಖಾಲಿಯಾದ ಐದನೆಯ ಒಂದು ಭಾಗಕ್ಕೆ ನೀರು ನುಗ್ಗಿತು’ ಎಂದು ಅಸಂಖ್ಯ ವಿಡಿಯೊಗಳು ವಿವರಿಸುತ್ತವೆ. ಧ್ವನಿ ಮುಚ್ಚಿ, ಚಿತ್ರವನ್ನಷ್ಟೇ ಗಮನಿಸಿ. ಬತ್ತಿ ಉರಿಯುತ್ತಿರುವಾಗ ನೀರು ಹೆಚ್ಚೇನೂ ಏರುವುದಿಲ್ಲ. ಆರಿದ ಕೂಡಲೇ ಸರ್ರನೆ ಏರುತ್ತದೆ. ಆಮ್ಲಜನಕ ಖರ್ಚಾಗುವುದೇ ಕಾರಣವಾಗಿದ್ದರೆ ಉರಿಯುವಾಗಲೇ ಏರಬೇಕಿತ್ತು. ಅಲ್ಲದೆ ಉರಿದ ಆಮ್ಲಜನಕದ ಜಾಗಕ್ಕೆ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಜ್ವಾಲೆ ಆರುತ್ತದೆ. ಮುಖ್ಯ ಕಾರಣ ಬೇರೆ. ಲೋಟ ಇಡುವಾಗಲೇ ಒಳಗಿನ ಗಾಳಿ ಕಾದು ಹಿಗ್ಗಿರುತ್ತದೆ, ಬತ್ತಿ ಆರಿದ ಮೇಲೆ ಅದು ತಣಿದು ಕುಗ್ಗುತ್ತದೆ. ಆವಿಯೂ ಸಾಂದ್ರೀಕರಿಸುತ್ತದೆ. ಆಗ ಹೊರಗಿನ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಒಂದು ಬತ್ತಿಯ ಬದಲು ಮೂರು ಬತ್ತಿ ಇಟ್ಟು ನೋಡಿ, ಲೋಟದಲ್ಲಿರುವ ಆಮ್ಲಜನಕ ಅಷ್ಟೇ ಆದರೂ ನೀರು ಇನ್ನೂ ಮೇಲೇರುತ್ತದೆ. ಇಂಥ ತಪ್ಪು ವಿಡಿಯೊ ಸಿಕ್ಕರೆ ಎಸೆಯಬೇಡಿ. ಅದನ್ನು ತೋರಿಸಿ, ‘ಇವರ ವಿವರಣೆ ಸರಿಯೇ?’ ಎಂದು ಮಕ್ಕಳ ಮುಂದಿಡಿ. ಮೂರು ಬತ್ತಿಯ ಪರೀಕ್ಷೆಯನ್ನು ಅವರೇ ಹೂಡುವಂತಾದರೆ ನೀವು ಗೆದ್ದಂತೆ.

ನಂಬಬಹುದಾದ ಮೂಲಗಳ ವಿಷಯಕ್ಕೆ ಬರುತ್ತೇನೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆದುಕೊಳ್ಳುವ ಸರ್ಕಾರಿ ಕಲಿಕಾ ತಾಣ ದೀಕ್ಷಾ ನಿಮ್ಮ ಪಾಠಕ್ಕೆ ನೇರ ಹೊಂದುತ್ತದೆ. ಗುಣಮಟ್ಟ ಏರುಪೇರಾಗಿದೆ, ಕೆಲವು ವಿಡಿಯೊಗಳು ಪುಸ್ತಕವನ್ನು ಓದಿ ಹೇಳುವುದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ. ಖಾನ್ ಅಕಾಡೆಮಿಯ ಕನ್ನಡ ಆವೃತ್ತಿ ಗಣಿತಕ್ಕೆ ಚೆನ್ನಾಗಿದೆ. ಅರವಿಂದ ಗುಪ್ತಾ ಅವರು ಪುಣೆಯ ಖಗೋಳವಿಜ್ಞಾನ ಸಂಸ್ಥೆ ಐಯುಕಾದಲ್ಲಿದ್ದಾಗ ತಮ್ಮ ತಂಡದೊಂದಿಗೆ ರೂಪಿಸಿದ, ಕಸದಿಂದ ಆಟಿಕೆ ಮಾಡುವ ಒಂದೆರಡು ನಿಮಿಷದ ಚಿತ್ರಗಳು ಕನ್ನಡ ಧ್ವನಿಯಲ್ಲೂ ಇವೆ. ಅವು ನೋಡಿ ಮುಗಿಸುವಂಥವಲ್ಲ, ನೋಡಿ ಮಾಡುವಂಥವು, ಹಾಗಾಗಿ ನನಗೆ ಅಚ್ಚುಮೆಚ್ಚು. ವಿದ್ಯುತ್ ಮಂಡಲದಂಥ ಪಾಠಕ್ಕೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್ನುಗಳು, ಅಂದರೆ ಪರದೆಯ ಮೇಲೆ ಮಕ್ಕಳೇ ಮಾಡಿ ನೋಡುವ ಅಣಕು ಪ್ರಯೋಗಗಳು, ವಿಡಿಯೊಗಿಂತ ಮೇಲು. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಯೋಜನೆ ಇದು. ಮಗುವೇ ತಂತಿ ಜೋಡಿಸಿ, ಪ್ರವಾಹ ಅಳೆಯುವ ಅಮ್ಮೀಟರ್ ಅನ್ನು ಬಲ್ಬಿನ ಈಚೆಗೂ ಆಚೆಗೂ ಇಟ್ಟು ಪ್ರವಾಹ ಒಂದೇ ಇರುವುದನ್ನು ಕಾಣಬಹುದು. ಇವನ್ನು ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆ ಬ್ರೌಸರಿನಲ್ಲೇ ನಡೆಸಬಹುದು. ದೀಕ್ಷಾ ಆ್ಯಪ್‌ನಲ್ಲೂ ಮೊದಲೇ ಇಳಿಸಿಕೊಂಡು ಆಮೇಲೆ ನೋಡುವ ಸೌಲಭ್ಯವಿದೆ. ಸಂಪರ್ಕ ಸಿಗುವ ಕಡೆ ವಾರದ ಪಾಠಗಳನ್ನು ಇಳಿಸಿಟ್ಟುಕೊಳ್ಳಿ.

ಇಂಗ್ಲಿಷ್ ವಿಡಿಯೊದ ಚಿತ್ರ ಚೆನ್ನಾಗಿದ್ದರೆ ಧ್ವನಿ ಮುಚ್ಚಿ, ನೀವೇ ಕನ್ನಡದಲ್ಲಿ ಹೇಳಿ. ಅರ್ಥವಾಗದ ಮಾತು ಕೇಳುತ್ತಾ, ಕೆಳಗಿನ ಸಾಲು ಓದುತ್ತಾ, ಚಿತ್ರವನ್ನೂ ನೋಡು ಎಂದರೆ ಮಗುವಿನ ಗಮನ ಮೂರು ದಿಕ್ಕಿಗೆ ಹರಿದುಹೋಗುತ್ತದೆ. ಕನ್ನಡದ ವಿಡಿಯೊಗಳಲ್ಲಿ ಪಾರಿಭಾಷಿಕ ಪದಗಳ ಮೇಲೊಂದು ಕಣ್ಣಿರಲಿ. ನಮ್ಮ ಪಠ್ಯದಲ್ಲಿ ಜವ (ಸ್ಪೀಡ್) ಮತ್ತು ವೇಗ (ವೆಲಾಸಿಟಿ) ಬೇರೆ ಬೇರೆ ಪರಿಮಾಣಗಳು, ಆದರೆ ಅನೇಕ ವಿಡಿಯೊಗಳು ಎರಡಕ್ಕೂ ವೇಗ ಎಂದೇ ಹೇಳುತ್ತವೆ. ಈಚೆಗೆ ಯಂತ್ರವೇ ಬಿಡಿಸಿದ ಚಿತ್ರ, ಯಂತ್ರವೇ ಓದಿದ ಧ್ವನಿಯ ಪಾಠಗಳೂ ಹೆಚ್ಚುತ್ತಿವೆ, ಅವುಗಳಲ್ಲಿ ಅಂಗಗಳ ಹೆಸರು ಬೇರೆ ಅಂಗಕ್ಕೆ ಅಂಟಿಕೊಂಡಿರುವುದುಂಟು. ಪೂರ್ತಿ ನೋಡದೆ ಯಾವುದನ್ನೂ ತರಗತಿಗೆ ಒಯ್ಯಬೇಡಿ.

ಮುಖ್ಯ ಶಿಕ್ಷಕರಿಗೆ ಧೈರ್ಯ ಹೇಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಶಾಲೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು ಮತ್ತು ಪೋಷಕರಿಗಷ್ಟೇ ಚಿತ್ರ ಅಥವಾ ಧ್ವನಿಮುದ್ರಣ ಪ್ರದರ್ಶಿಸುವುದನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. ಆದರೆ ಇನ್ನೊಬ್ಬರ ವಿಡಿಯೊವನ್ನು ಕತ್ತರಿಸಿ ಶಾಲೆಯ ಹೆಸರಿನಲ್ಲಿ ಮತ್ತೆ ಅಪ್‌ಲೋಡ್ ಮಾಡುವುದು ಬೇರೆಯೇ ವಿಷಯ. ಯೂಟ್ಯೂಬ್ ತಾನೇ ಕೊಡುವ ಡೌನ್‌ಲೋಡ್ ಗುಂಡಿ ಬಿಟ್ಟು ಬೇರೆ ತಂತ್ರಾಂಶಗಳಿಂದ ಇಳಿಸಿಕೊಳ್ಳುವುದೂ ಆ ಸಂಸ್ಥೆಯ ಷರತ್ತಿಗೆ ವಿರುದ್ಧ.

ಆಡಿಯೊ ಬಗ್ಗೆ ನೀವು ಕೇಳಿದ್ದು ನನಗೆ ಖುಷಿ ಕೊಟ್ಟಿತು, ಯಾಕೆಂದರೆ ಅದನ್ನು ಈಗ ಯಾರೂ ಕೇಳುವುದಿಲ್ಲ. 1970ರ ದಶಕದಲ್ಲಿ ನಿಕರಾಗುವಾದಲ್ಲಿ ರೇಡಿಯೊ ಮೂಲಕ ಗಣಿತ ಕಲಿಸಿದಾಗ, ಪಾಠದ ನಡುವೆ ಪ್ರಶ್ನೆ ಕೇಳಿ ಮಕ್ಕಳು ಉತ್ತರಿಸುವಷ್ಟು ಹೊತ್ತು ಮೌನ ಬಿಡುತ್ತಿದ್ದರು. ಆ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಕಲಿತರು. ನಮ್ಮ ಆಕಾಶವಾಣಿಯಿಂದ ಬಿತ್ತರವಾದ ‘ಚಿಣ್ಣರ ಚುಕ್ಕಿ’ ಬಳಸಿದ್ದೂ ಇದೇ ಕ್ರಮವನ್ನು. ವಿಜ್ಞಾನದಲ್ಲಿ ಧ್ವನಿಯೇ ವಿಷಯವಾಗಿರುವ ಜಾಗಗಳೂ ಇವೆ. ಕ್ಸೆನೊ-ಕ್ಯಾಂಟೊ ಎಂಬ ಜಾಲತಾಣದಲ್ಲಿ ಜಗತ್ತಿನ ಹಕ್ಕಿಗಳ ಕೂಗುಗಳನ್ನು ಆಸಕ್ತರು 2005ರಿಂದ ಸೇರಿಸುತ್ತಾ ಬಂದಿದ್ದಾರೆ. ಕೋಗಿಲೆ, ಕೆಂಬೂತ, ಟಿಟ್ಟಿಭಗಳ ಕೂಗು ಕೇಳಿಸಿ, ಶಾಲೆಯ ಹಿಂದಿನ ಹೊಲದಲ್ಲಿ ಯಾವುದು ಯಾವಾಗ ಕೂಗುತ್ತದೆ ಎಂದು ವಾರವಿಡೀ ಬರೆದಿಡಲು ಹೇಳಿ. 2021ರಲ್ಲಿ ಮಂಗಳ ಗ್ರಹಕ್ಕಿಳಿದ ಪರ್ಸಿವಿಯರೆನ್ಸ್ ನೌಕೆಯಲ್ಲಿ ಮೈಕ್ರೊಫೋನ್ ಇದೆ, ಅಲ್ಲಿನ ಗಾಳಿಯ ಸದ್ದನ್ನು ನಾಸಾ ತಾಣದಲ್ಲಿ ಕೇಳಬಹುದು. ಅಲ್ಲಿ ಶಬ್ದ ಸೆಕೆಂಡಿಗೆ ಸುಮಾರು 240 ಮೀಟರ್ ಸಾಗುತ್ತದೆ, ನಮ್ಮಲ್ಲಿ ಸುಮಾರು 340. ಏಕೆ ಎಂಬ ಪ್ರಶ್ನೆಯೊಂದೇ ಒಂದು ಅವಧಿಗೆ ಸಾಕು. ಕನ್ನಡದಲ್ಲೇ ಬೇಕೆಂದರೆ ಕೊಳ್ಳೇಗಾಲ ಶರ್ಮ ಅವರ ‘ಜಾಣಸುದ್ದಿ’ ಧ್ವನಿಪತ್ರಿಕೆಯನ್ನು ಹುಡುಕಿ ಕೇಳಿಸಿ. ವಿದ್ಯುತ್ ಇಲ್ಲದ ದಿನವೂ ಆಡಿಯೊವನ್ನು ಮೊಬೈಲ್ ಮತ್ತು ಒಂದು ಸಣ್ಣ ಸ್ಪೀಕರಿನಲ್ಲಿ ನಡೆಸಬಹುದು. ರೇಖಾಚಿತ್ರ ಬೇಕಾದ ಪಾಠಕ್ಕೆ ಮಾತ್ರ ಆಡಿಯೊ ಬೇಡ, ಬೆಳಕಿನ ಕಿರಣಚಿತ್ರವನ್ನು ಮಾತಿನಲ್ಲಿ ಬಿಡಿಸಲು ಹೋದರೆ ಮಕ್ಕಳು ದಾರಿ ತಪ್ಪುತ್ತಾರೆ.

ನೀವೇ ವಿಡಿಯೊ ಮಾಡಬೇಕೇ? ಪಾಠಗಳನ್ನೆಲ್ಲ ಮಾಡಲು ಹೋಗಬೇಡಿ, ತಿಂಗಳುಗಟ್ಟಲೆ ಸಂಜೆಗಳನ್ನು ಅದು ನುಂಗುತ್ತದೆ, ಅದಕ್ಕಿಂತ ಚೆನ್ನಾಗಿ ಮಾಡಿದವು ಈಗಾಗಲೇ ಇವೆ. ಎಲ್ಲಿಯೂ ಸಿಗದ್ದನ್ನು ಮಾತ್ರ ಮಾಡಿ. ನಿಮ್ಮ ಊರಿನ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವುದು, ಹತ್ತಿಯ ಹೂವು ದಿನದಿಂದ ದಿನಕ್ಕೆ ಬಣ್ಣ ಬದಲಿಸುವುದು, ಆಗಸ್ಟ್ ಮೊದಲ ವಾರದ ಆಸುಪಾಸಿನಲ್ಲಿ ಮೋಡ ಬಿಟ್ಟುಕೊಟ್ಟರೆ ನಡುಹಗಲಿನಲ್ಲಿ ನೆಟ್ಟ ಕೋಲಿನ ನೆರಳು ಮಾಯವಾಗುವುದು. ಮೊಬೈಲನ್ನು ಪುಸ್ತಕಗಳ ನಡುವೆ ಅಲುಗಾಡದಂತೆ ನಿಲ್ಲಿಸಿ, ಫ್ಯಾನ್ ಆರಿಸಿ, ಮೂರು ನಿಮಿಷದಲ್ಲಿ ಮುಗಿಸಿ. ಪ್ರಶ್ನೆ ಕೇಳಿದ ಮೇಲೆ ಹತ್ತು ಸೆಕೆಂಡ್ ಮೌನವಿರಲಿ. ಮಕ್ಕಳ ಕೈ ಕಾಣಲಿ, ಮುಖ ಬೇಡ. ಮಕ್ಕಳ ಗುರುತು ಸಿಗುವ ಯಾವುದನ್ನೂ ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಜಾಲತಾಣಕ್ಕೆ ಏರಿಸಬಾರದು. ಹಂಚುವ ಮೊದಲು ಪಕ್ಕದ ಶಾಲೆಯ ವಿಜ್ಞಾನ ಶಿಕ್ಷಕರಿಗೆ ಕಳುಹಿಸಿ, ತಪ್ಪು ಹುಡುಕಿಕೊಡಿ ಎಂದು ಕೇಳಿ. ತಿದ್ದಿದ ಮೇಲೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣಕ್ಕೆ ಕೊಡಬಹುದು. ಶಿಕ್ಷಕರೇ ಸೇರಿಸುತ್ತಾ, ತಿದ್ದುತ್ತಾ ಬೆಳೆಸುತ್ತಿರುವ ಜಾಗ ಅದು, ಎರೆಮಣ್ಣಿನ ಬಿರುಕು ಕಂಡಿರದ ಮಲೆನಾಡಿನ ಮಕ್ಕಳೂ ನಿಮ್ಮ ಚಿತ್ರವನ್ನು ಅಲ್ಲಿ ನೋಡಬಹುದು.